ಮನೆಯ ಕಂಪ್ಯೂಟರಿಗೆ ಎಂಥ ಮಾನಿಟರು ಬೇಕು?

ಮಾನಿಟರ್ ಎಂಬ ಮಾತನ್ನು ಕೇಳಿದ ಕೂಡಲೇ ನಮ್ಮ ಹಳೇ ವಿದ್ಯಾರ್ಥಿನಿಯರ ಮನಸ್ಸಿಗೆ ಬರುವದು ಮೇಜಿನ ಮೇಲಣ ಯಂತ್ರವಲ್ಲ. ಉಪಾಧ್ಯಾಯಿನಿಯು ಇಲ್ಲದ ವೇಳೆಯಲ್ಲಿ ಗದ್ದಲಮಾಡಿದವರ ಹೆಸರುಗಳನ್ನು ಕರೀಹಲಗೆಯ ಮೇಲೆ ಬರೆಯುತ್ತಿದ್ದ ಹುಡುಗಿಯೇ. ಈ ಮಾತು ಲ್ಯಾಟಿನ್ ಭಾಷೆಯದು. ಎಚ್ಚರಿಸುವವನು, ಬುದ್ಧಿಹೇಳುವವನು ಎಂಬದು ಅದರ ಮೂಲಾರ್ಥ. ಈಗ ಅದೇ ಹೆಸರು ಕಂಪ್ಯೂಟರಿನ ಮುಖಕ್ಕೆ, ಅಂದರೆ ಅಕ್ಷರವೂ ಚಿತ್ರವೂ ಮೂಡುವ ತೆರೆಗೆ, ಬಂದಿದೆ. ತರಗತಿಗೆ ಮಾನಿಟರನ್ನು ಆರಿಸುವಾಗ ನಾವು ಎಷ್ಟು ಯೋಚಿಸುತ್ತೇವೋ ಅದರ ಕಾಲುಭಾಗದಷ್ಟಾದರೂ ಯೋಚನೆಯನ್ನು ಮನೆಯ ಕಂಪ್ಯೂಟರಿಗೆ ಮಾನಿಟರನ್ನು ಆರಿಸುವಾಗ ತಾಯಿತಂದೆಗಳು ಮಾಡಬೇಕೆಂಬದೇ ಈ ಲೇಖನದ ಉದ್ದೇಶವು.

ಇಂಥ ವಿಷಯವು ಶಾಲೆಯ ಸ್ಮರಣಸಂಚಿಕೆಗೆ ತಕ್ಕದ್ದೋ ಎಂದು ಯಾರಾದರೂ ಕೇಳಬಹುದು. ತಕ್ಕದ್ದೆಂದೇ ನಮ್ಮ ಅಭಿಪ್ರಾಯ. ೨೦೨೦ನೆಯ ಇಸವಿಯಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಪಾಠಗಳು ಮನೆಯ ತೆರೆಯ ಮೇಲೆ ಬಂದವು. ಶಾಲೆಯ ಬಾಗಿಲು ತಿರಿಗಿ ತೆರೆದ ಮೇಲೂ ಆ ಪದ್ಧತಿಯು ಪೂರ್ತಿಯಾಗಿ ಹೋಗಲಿಲ್ಲ. ಇಂದು ಹತ್ತನೆಯ ತರಗತಿಯ ಹುಡುಗಿಯು ಹಳೇ ಪ್ರಶ್ನೆಪತ್ರಿಕೆಗಳನ್ನೂ ಟಿಪ್ಪಣಿಗಳನ್ನೂ ತೆರೆಯ ಮೇಲೆ ಓದುತ್ತಾಳೆ. ಇತ್ತ ನಮ್ಮ ಹಳೇ ವಿದ್ಯಾರ್ಥಿನಿಯರಲ್ಲಿ ಅನೇಕರು ಲೆಕ್ಕಪತ್ರ, ಭಾಷಾಂತರ, ಕಛೇರಿಯ ಕಾಗದಪತ್ರ ಮುಂತಾದ ಕೆಲಸಗಳನ್ನು ಮನೆಯಲ್ಲಿದ್ದುಕೊಂಡೇ ನಡಿಸುತ್ತಾರೆ. ಬೆಂಚಿನ ಎತ್ತರ, ಕಿಟಕಿಯ ಬೆಳಕು, ಕರೀಹಲಗೆಯ ಅಕ್ಷರದ ಗಾತ್ರ ಇವುಗಳನ್ನು ಗಮನಿಸುವದು ಉಪಾಧ್ಯಾಯಿನಿಯ ಕರ್ತವ್ಯವೆಂದು ನಾವು ಟ್ರೈನಿಂಗ್ ಶಾಲೆಯಲ್ಲಿ ಕಲಿತೆವು. ಮಾನಿಟರು ಈಗ ಮನೆಯ ಕರೀಹಲಗೆಯಾಗಿದೆ. ಆದಕಾರಣ ಅದನ್ನು ಕುರಿತು ಮಾತಾಡುವ ಅಧಿಕಾರ ನಮಗುಂಟು.

ಪಾಲಕರ ಸಭೆ ಮುಗಿದ ಮೇಲೆ ಅನೇಕರು ನಮ್ಮ ಬಳಿಗೆ ಬಂದು, "ಅಮ್ಮಾ, ಮಗಳಿಗೆ ಕಂಪ್ಯೂಟರು ಕೊಡಿಸಬೇಕಾಗಿದೆ, ಯಾವದು ಒಳ್ಳೇದು?" ಎಂದು ವಿಚಾರಿಸುವದುಂಟು. ಪ್ರೊಸೆಸರು ಯಾವದಿರಬೇಕು, ಜಿಬಿ ಎಷ್ಟಿರಬೇಕು ಎಂದು ಅವರು ಕೇಳುತ್ತಾರೆ. ಮಾನಿಟರನ್ನು ಕುರಿತು ಕೇಳುವವರು ಬಹು ವಿರಳ. ಪೆಟ್ಟಿಗೆಗೆ ಹಣವೆಲ್ಲ ಮುಗಿದ ತರುವಾಯ ಅಂಗಡಿಯವನು ಜೊತೆಗೆ ಕೊಟ್ಟದ್ದೇ ಮಾನಿಟರು. ಈ ಕ್ರಮವು ತಲೆಕೆಳಗಾದದ್ದೆಂದು ನಮ್ಮ ಅಭಿಪ್ರಾಯ. ಹೇಗಂದರೆ, ಪೆಟ್ಟಿಗೆಯು ಕೆಲವು ವರುಷಗಳಲ್ಲಿ ಹಳೇದಾಗುವದು. ಅದರಲ್ಲಿ ಮೆಮೊರಿಯನ್ನು ಹೆಚ್ಚಿಸಬಹುದು, ಬೇಕಾದರೆ ಪೆಟ್ಟಿಗೆಯನ್ನೇ ಬದಲಾಯಿಸಬಹುದು. ಒಳ್ಳೇ ಮಾನಿಟರಾದರೋ ಮುಂದಿನ ಪೆಟ್ಟಿಗೆಗೂ ಒದಗುವದು. ಅದಕ್ಕಿಂತ ಹೆಚ್ಚಾಗಿ, ಪೆಟ್ಟಿಗೆಯ ಕೊರತೆಯನ್ನು ಯಂತ್ರವು ಸಹಿಸಿಕೊಳ್ಳುವದು. ಮಾನಿಟರಿನ ಕೊರತೆಯನ್ನು ಮಗುವಿನ ಕಣ್ಣೂ ಕುತ್ತಿಗೆಯೂ ಸಹಿಸಬೇಕಾಗುವದು.

"ಮೊಬೈಲ್ ಇರುವಾಗ ಮಾನಿಟರು ಯಾಕೆ?" ಎಂಬ ಆಕ್ಷೇಪವನ್ನು ಮೊದಲು ನೋಡೋಣ. ಮೊಬೈಲಿನಲ್ಲಿ ಓದುವವಳು ಅದನ್ನು ಕಣ್ಣಿಗೆ ಒಂದು ಅಡಿಯಷ್ಟು ಸಮೀಪದಲ್ಲಿ, ಮಡಿಲಿನ ಕಡೆಗೆ ಹಿಡಿದು, ತಲೆ ತಗ್ಗಿಸಿ ಓದುತ್ತಾಳೆ. ಒಂದು ಪುಟವನ್ನು ಓದಿ ಮುಗಿಸುವದರೊಳಗೆ ಹತ್ತು ಸಾರಿ ಬೆರಳಿನಿಂದ ಹಿಗ್ಗಿಸಿ ಕುಗ್ಗಿಸಬೇಕು. ರೇಖಾಗಣಿತದ ಆಕೃತಿಯೊಂದು ಕಡೆ, ಅದರ ಸಾಧನೆ ಮತ್ತೊಂದು ಕಡೆ ಹೋಗುವದರಿಂದ ಎರಡನ್ನೂ ಒಟ್ಟಿಗೆ ನೋಡುವದು ಅಸಾಧ್ಯ. ಮಾನಿಟರು ತೋಳಿನಳತೆಯ ದೂರದಲ್ಲಿ, ಮುಖಕ್ಕೆ ಎದುರಾಗಿ ನಿಲ್ಲುತ್ತದೆ. ಪ್ರಶ್ನೆಯೂ ಉತ್ತರವೂ ಅಕ್ಕಪಕ್ಕದಲ್ಲಿ ಕಾಣುತ್ತವೆ. ಮೊಬೈಲು ಸಂದೇಶಕ್ಕೆ ಒಳ್ಳೇದು, ಅಭ್ಯಾಸಕ್ಕೆ ಅಲ್ಲ.

ಇನ್ನು ಆರಿಸುವ ರೀತಿ. ಮಾನಿಟರಿನ ಅಕ್ಷರಗಳು ಪಿಕ್ಸೆಲ್ ಎಂಬ ಸಣ್ಣ ಚುಕ್ಕೆಗಳಿಂದ ಆದವುಗಳು. ಹೊಲಿಗೆಯ ತರಗತಿಯಲ್ಲಿ ಕ್ರಾಸ್‌ಸ್ಟಿಚ್ ಕಲಿತವರಿಗೆ ಇದು ಸುಲಭವಾಗಿ ತಿಳಿಯುವದು. ದಪ್ಪ ನೇಯ್ಗೆಯ ಬಟ್ಟೆಯ ಮೇಲೆ ಸಣ್ಣ ಅಕ್ಷರವನ್ನು ಕಸೂತಿ ಮಾಡಹೋದರೆ ಅದರ ಬಳಕು ಕೆಟ್ಟು ಮೆಟ್ಟಿಲಿನಂತಾಗುವದು. ನಯವಾದ ನೇಯ್ಗೆಯಾದರೆ ಅದೇ ಅಕ್ಷರವು ಅಂದವಾಗಿ ಬರುವದು. ಒಂದು ಇಂಚಿನೊಳಗೆ ಎಷ್ಟು ಚುಕ್ಕೆಗಳಿವೆ ಎಂಬದೇ ತೆರೆಯ ನೇಯ್ಗೆ. ಸಾಮಾನ್ಯ ಲೇಸರ್ ಪ್ರಿಂಟರು ಕಾಗದದ ಮೇಲೆ ಇಂಚಿಗೆ ೬೦೦ ಚುಕ್ಕೆಗಳನ್ನು ಇಡುತ್ತದೆ. ಮಾನಿಟರುಗಳಲ್ಲಿ ಬಹುತೇಕವು ೮೦ರಿಂದ ೧೧೦ರ ವರೆಗೆ ಮಾತ್ರ ಇಡುತ್ತವೆ. ಆದಕಾರಣ ಇಲ್ಲಿ ಹತ್ತು ಚುಕ್ಕೆ ಹೆಚ್ಚು ಕಡಿಮೆಯಾದರೂ ಕಣ್ಣಿಗೆ ತಿಳಿಯುವದು.

ಇಂಗ್ಲಿಷ್ ಅಕ್ಷರಗಳಿಗಿಂತ ನಮ್ಮ ಕನ್ನಡ ಅಕ್ಷರಗಳಿಗೆ ಈ ನಯವು ಹೆಚ್ಚು ಬೇಕು. ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ಇರುವ ಭೇದವು ಹೊಟ್ಟೆ ಸೀಳಿದ ಒಂದು ಸಣ್ಣ ಗೆರೆಯಷ್ಟೇ. ಥಕಾರವನ್ನು ತಿಳಿಸುವದು ಒಳಗಣ ಒಂದು ಚುಕ್ಕೆ. 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ಮಾತುಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಒತ್ತುಗಳು ಸೇರುತ್ತವೆ. ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲ್ ಪಂಡಿತರ ನಿಘಂಟನ್ನು ತೆರೆದು ನೋಡಿದವರು, ಆ ಸಣ್ಣ ಅಚ್ಚಿನಲ್ಲಿಯೂ ಒತ್ತಕ್ಷರಗಳು ಎಷ್ಟು ಸ್ಪಷ್ಟವಾಗಿವೆಯೆಂಬದನ್ನು ಬಲ್ಲರು. ಆಗಿನ ಅಚ್ಚುಮೊಳೆಯು ಮಾಡಿದ ಕೆಲಸವನ್ನು ಈಗಿನ ತೆರೆಯು ಮಾಡದೆ ಹೋದರೆ, ಮಗಳು ಅಕ್ಷರವನ್ನು ನೋಡಿ ಓದುವದಿಲ್ಲ, ಊಹಿಸಿ ಓದುತ್ತಾಳೆ. ಕಾಗುಣಿತ ಕೆಡುವದಕ್ಕೆ ಇದೂ ಒಂದು ದಾರಿ. ಆದಕಾರಣ ಅಂಗಡಿಯಲ್ಲಿ ಬಣ್ಣಬಣ್ಣದ ಗಿಳಿಯ ಚಿತ್ರವನ್ನು ತೋರಿಸಿದರೆ ಅದಕ್ಕೆ ಮರುಳಾಗದೆ, ಒಂದು ಕನ್ನಡ ಪುಟವನ್ನು ತೆರೆಯಿರೆಂದು ಹೇಳತಕ್ಕದ್ದು. ಅಕ್ಷರವನ್ನು ಹಿಗ್ಗಿಸದೆ, ಎರಡೂವರೆ ಅಡಿ ದೂರದಲ್ಲಿ ಕುಳಿತು, ಧಕಾರವು ಧಕಾರವಾಗಿಯೇ ಕಾಣುತ್ತದೋ ಎಂದು ನೋಡತಕ್ಕದ್ದು. ಇದಕ್ಕಿಂತ ನಂಬತಕ್ಕ ಪರೀಕ್ಷೆಯು ಯಾವ ಜಾಹೀರಾತಿನಲ್ಲಿಯೂ ಇಲ್ಲ.

ಲೆಕ್ಕದಲ್ಲಿ ಆಸಕ್ತಿಯುಳ್ಳವರಿಗೆ ಲೆಕ್ಕವನ್ನೂ ಹೇಳುವೆವು. 'ಫುಲ್ ಎಚ್‌ಡಿ' ಎಂಬ ತೆರೆಯಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಚುಕ್ಕೆಗಳಿರುತ್ತವೆ. ತೆರೆಯು ೨೪ ಇಂಚಿನದಾದರೆ ಇಂಚಿಗೆ ಸುಮಾರು ೯೨ ಚುಕ್ಕೆಗಳಾದವು. ಅದೇ ಚುಕ್ಕೆಗಳನ್ನು ೨೭ ಇಂಚಿನ ತೆರೆಯ ಮೇಲೆ ಹರಡಿದರೆ ಇಂಚಿಗೆ ೮೨ ಮಾತ್ರ. ಅಂದರೆ ಹೆಚ್ಚು ಹಣ ಕೊಟ್ಟು ದೊಡ್ಡದನ್ನು ತಂದರೂ ಅಕ್ಷರವು ಒರಟಾಯಿತು! ೨೭ ಇಂಚು ಬೇಕೆನ್ನುವವರು ೨೫೬೦ ಮತ್ತು ೧೪೪೦ ಚುಕ್ಕೆಗಳುಳ್ಳ ತೆರೆಯನ್ನು ಕೊಳ್ಳಬೇಕು; ಆಗ ಇಂಚಿಗೆ ೧೦೯ ಆಗುವವು. '೪ಕೆ' ಎಂಬ ೩೮೪೦ ಮತ್ತು ೨೧೬೦ರ ತೆರೆಯು ೨೭ ಇಂಚಿನಲ್ಲಿ ೧೬೩ ಕೊಡುವದು. ಅದರ ಅಕ್ಷರವು ಬಲು ಸೊಗಸು. ಆದರೆ ಅದಕ್ಕೆ ತಕ್ಕ ಬಲವು ಪೆಟ್ಟಿಗೆಯಲ್ಲಿದೆಯೋ ಎಂದು ಮೊದಲು ಕೇಳಬೇಕು. ಎಚ್‌ಡಿಎಂಐ ೧.೪ ಮಾತ್ರ ಉಳ್ಳ ಹಳೇ ಪೆಟ್ಟಿಗೆಯು ಅಂಥ ತೆರೆಗೆ ಸೆಕೆಂಡಿಗೆ ೩೦ ಸಾರಿ ಮಾತ್ರ ಚಿತ್ರವನ್ನು ಕಳುಹಿಸಬಲ್ಲದು. ಆಗ ಮೌಸಿನ ಬಾಣವು ತಡೆತಡೆದು ಓಡುವದು. ನಮ್ಮ ಹುಡುಗಿಯರ ಓದುಬರಹಕ್ಕೆ ೨೪ ಇಂಚಿನ ಫುಲ್ ಎಚ್‌ಡಿ ತೆರೆಯು ಸಾಕೆಂದೂ, ದಿನವಿಡೀ ಕೆಲಸಮಾಡುವ ಹಳೇ ವಿದ್ಯಾರ್ಥಿನಿಯರಿಗೆ ೨೭ ಇಂಚಿನ ೧೪೪೦ರ ತೆರೆಯು ಯೋಗ್ಯವೆಂದೂ ನಮ್ಮ ಅಭಿಪ್ರಾಯ.

ಇಂಚಿನ ಲೆಕ್ಕವು ಕರ್ಣದ ಲೆಕ್ಕವೆಂಬದನ್ನು ಮರೆಯಬಾರದು. ೩, ೪, ೫ರ ತ್ರಿಕೋಣವನ್ನು ನಮ್ಮ ಶಾಲೆಯಲ್ಲಿ ಕಲಿಯದವರಿಲ್ಲ. ಹಿಂದಿನ ಕಾಲದ ೨೦ ಇಂಚಿನ ತೆರೆಯು ೧೬ ಇಂಚು ಅಗಲ, ೧೨ ಇಂಚು ಎತ್ತರವಾಗಿ ೧೯೨ ಚದರ ಇಂಚು ಇರುತ್ತಿತ್ತು. ಈಗಿನ ಅಗಲವಾದ ಆಕಾರದಲ್ಲಿ ೨೦ ಇಂಚಿನ ಕರ್ಣವುಳ್ಳ ತೆರೆಯು ಸುಮಾರು ೧೭.೪ ಇಂಚು ಅಗಲ, ೯.೮ ಇಂಚು ಎತ್ತರ. ಒಟ್ಟು ೧೭೧ ಚದರ ಇಂಚು ಮಾತ್ರ. ಸಿನೆಮಾ ನೋಡುವವನಿಗೆ ಅಗಲವು ಬೇಕು. ಪುಟವನ್ನು ಓದುವವಳಿಗೆ ಎತ್ತರ ಬೇಕು. ಹೀಗಿರಲಾಗಿ ಬಹಳ ಸಣ್ಣ ಅಗಲತೆರೆಯನ್ನು ಕೊಂಡರೆ ಓದುವದಕ್ಕೆ ಅರ್ಧ ಪುಟವೇ ಸಿಕ್ಕುವದು.

"ಮನೆಯಲ್ಲಿ ಟಿವಿ ಇದೆಯಲ್ಲಾ, ಅದಕ್ಕೇ ಜೋಡಿಸಿದರಾಯಿತು" ಎಂದು ಕೆಲವರು ಹೇಳುತ್ತಾರೆ. ಕಡಿಮೆ ಬೆಲೆಯ ೩೨ ಇಂಚಿನ ಟಿವಿಗಳಲ್ಲಿ ಅನೇಕವು ೧೩೬೬ ಮತ್ತು ೭೬೮ ಚುಕ್ಕೆಗಳವು. ಇಂಚಿಗೆ ೪೯ ಮಾತ್ರ. ಎಂಟು ಅಡಿ ದೂರದಿಂದ ಕ್ರಿಕೆಟ್ ನೋಡುವದಕ್ಕೆ ಅದು ಸಾಕು; ಎರಡು ಅಡಿ ದೂರದಲ್ಲಿ ಕುಳಿತವಳಿಗೆ ಒತ್ತಕ್ಷರವು ಇರುವೆಗಳ ಗುಂಪಿನಂತೆ ಕಾಣುವದು. ಅಲ್ಲದೆ ಟಿವಿಯು ಮನೆಯವರೆಲ್ಲರದು. ಪರೀಕ್ಷೆಯ ಹಿಂದಿನ ಸಾಯಂಕಾಲ ಅದನ್ನು ಯಾರು ಬಿಟ್ಟುಕೊಡುವರು?

ತೆರೆಯ ಜಾತಿಯನ್ನು ಕುರಿತು ಒಂದು ಮಾತು. ಟಿಎನ್, ವಿಎ, ಐಪಿಎಸ್ ಎಂಬ ಮೂರು ಜಾತಿಗಳು ಸಾಮಾನ್ಯ ಬೆಲೆಯಲ್ಲಿ ಸಿಕ್ಕುತ್ತವೆ. ಟಿಎನ್ ತೆರೆಯನ್ನು ಸ್ವಲ್ಪ ಕೆಳಗಿನಿಂದ ನೋಡಿದರೆ ಕಪ್ಪಾಗುವದು. ಒಂದೇ ಮಾನಿಟರಿನ ಮುಂದೆ ಅಕ್ಕ ತಂಗಿಯರಿಬ್ಬರು ಕುಳಿತರೆ ಇಬ್ಬರಿಗೂ ಒಂದೇ ಬಣ್ಣ ಕಾಣದು. ವಿಎ ತೆರೆಯಲ್ಲಿ ಕಪ್ಪು ಬಣ್ಣವು ಚೆನ್ನಾಗಿ ಕಪ್ಪಾಗಿರುವದು. ಕತ್ತಲೆಯ ಕೋಣೆಯಲ್ಲಿ ಚಿತ್ರ ನೋಡುವವರಿಗೆ ಅದು ಮೆಚ್ಚಿಗೆ. ಐಪಿಎಸ್ ಎಂಬದನ್ನು ೧೯೯೦ರ ದಶಕದಲ್ಲಿ ಜಪಾನಿನ ಹಿಟಾಚಿ ಕಂಪೆನಿಯವರು ಬಳಕೆಗೆ ತಂದರು. ಅದನ್ನು ಯಾವ ಪಕ್ಕದಿಂದ ನೋಡಿದರೂ ಬಣ್ಣವು ಹೆಚ್ಚು ಕೆಡುವದಿಲ್ಲ. ಓದುವ ಮನೆಗೆ ಐಪಿಎಸ್ ಒಳ್ಳೇದು. ತೆರೆಯ ಮೈ ಕನ್ನಡಿಯಂತೆ ಹೊಳೆಯದೆ ಮಂಕಾಗಿರಬೇಕು. ಇಲ್ಲವಾದರೆ ಅಕ್ಷರಕ್ಕಿಂತ ಮುಂಚೆ ನಮ್ಮ ಮುಖವೂ ಹಿಂದಿನ ಟ್ಯೂಬ್‌ಲೈಟೂ ಕಾಣುವವು.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ಅಂಕೆಗಳಲ್ಲಿ ಬಹಳಷ್ಟು ಆಟವಾಡುವವರ ಸಲುವಾಗಿ ಇರುವವು. ಸೆಕೆಂಡಿಗೆ ೧೪೪ ಸಾರಿ ಚಿತ್ರ ಬದಲಾಗುವದು ಓಟದ ಆಟಗಳಲ್ಲಿ ಉಪಯೋಗಕ್ಕೆ ಬರುವದು. ವ್ಯಾಕರಣವನ್ನು ಓದುವದಕ್ಕೆ ೬೦ ಸಾರಿ ಸಾಕು. 'ಒಂದು ಮಿಲಿಸೆಕೆಂಡ್' ಎಂಬ ಅಂಕೆಯೂ ಹಾಗೆಯೇ. ಕೋಟಿಗೆ ಒಂದು ಎಂದು ಬರೆದ ಕಾಂಟ್ರಾಸ್ಟ್ ಅಂಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿರಿ. ಸಾಮಾನ್ಯ ಐಪಿಎಸ್ ತೆರೆಯ ನಿಜವಾದ ಅಂಕೆಯು ಸಾವಿರಕ್ಕೆ ಒಂದರ ಆಸುಪಾಸಿನದು. ಕೇಳತಕ್ಕ ಒಂದು ಮಾತು ಮಾತ್ರ ಉಂಟು. ಕೆಲವು ಮಾನಿಟರುಗಳಲ್ಲಿ ಬೆಳಕನ್ನು ತಗ್ಗಿಸಿದಾಗ ಒಳಗಿನ ದೀಪವು ಅತಿ ವೇಗದಿಂದ ಹತ್ತಿ ಆರುತ್ತಿರುವದು. ಇದರಿಂದ ಕೆಲವರಿಗೆ ತಲೆನೋವು ಬರುವದು. ಮಿಣುಕು ಇಲ್ಲದ್ದು, ಅಂದರೆ 'ಫ್ಲಿಕರ್ ಫ್ರೀ', ಹೌದೋ ಅಲ್ಲವೋ ಎಂದು ವಿಚಾರಿಸಿರಿ.

ತಂತಿಯ ವಿಷಯದಲ್ಲಿಯೂ ಎಚ್ಚರ ಬೇಕು. ನೀಲಿ ತುದಿಯ ವಿಜಿಎ ಕೇಬಲು ೧೯೮೭ರ ಕಾಲದ್ದು. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟ್ ಇರುವಾಗಲೂ ಹಳೇ ರೂಢಿಯಿಂದ ವಿಜಿಎ ಜೋಡಿಸಿ ಹೋಗುವವರುಂಟು. ಅದರಿಂದ ಒಳ್ಳೇ ತೆರೆಯ ಅಕ್ಷರವೂ ಮಂಜಾಗುವದು. ಜೋಡಿಸಿದ ತರುವಾಯ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿ ತೆರೆಯ ಸ್ವಂತ ಚುಕ್ಕೆಗಳ ಸಂಖ್ಯೆಯೇ ಇದೆಯೋ ಎಂದು ನೋಡತಕ್ಕದ್ದು. ಅಕ್ಷರ ಚಿಕ್ಕದೆಂದು ತೋರಿದರೆ ಅಕ್ಷರದ ಅಳತೆಯನ್ನು ಹೆಚ್ಚಿಸಬೇಕೇ ಹೊರತು ಚುಕ್ಕೆಗಳ ಸಂಖ್ಯೆಯನ್ನು ಇಳಿಸಬಾರದು.

ಒಳ್ಳೇ ಮಾನಿಟರನ್ನು ಕೆಟ್ಟ ಸ್ಥಳದಲ್ಲಿಟ್ಟರೆ ಕೊಂಡದ್ದು ವ್ಯರ್ಥ. ನೆಟ್ಟಗೆ ಕುಳಿತು ಕೈ ಚಾಚಿದರೆ ಬೆರಳ ತುದಿಯು ತೆರೆಗೆ ತಾಕುವಷ್ಟು ದೂರವಿರಲಿ. ತೆರೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ, ಇಲ್ಲವೆ ಅದಕ್ಕಿಂತ ಸ್ವಲ್ಪ ಕೆಳಗೆ ಇರಲಿ. ಎರಡು ಭಾಗದ ಕನ್ನಡಕ ಹಾಕುವ ತಾಯಂದಿರಿಗೆ ಇನ್ನೂ ತಗ್ಗಿಸಬೇಕು. ಇಲ್ಲವಾದರೆ ಗದ್ದವನ್ನೆತ್ತಿ ಓದಿ ಕುತ್ತಿಗೆ ನೋಯುವದು. ಕಡಿಮೆ ಬೆಲೆಯ ಮಾನಿಟರಿನ ಕಾಲು ಮುಂದೆ ಹಿಂದೆ ಬಾಗುವದೇ ಹೊರತು ಏರಿ ಇಳಿಯುವದಿಲ್ಲ. ಏರಿಳಿಯುವ ಕಾಲಿಗೆ ಸ್ವಲ್ಪ ಹೆಚ್ಚು ಕೊಡುವದು ದುಂದಲ್ಲ. ಅದು ಆಗದಿದ್ದರೆ ಬಡಗಿಯಿಂದ ಒಂದು ಮಣೆಯನ್ನು ಮಾಡಿಸಿ ಅಡಿಯಲ್ಲಿಡಬಹುದು. ಹಿಂಬದಿಯಲ್ಲಿ ೧೦೦ ಮಿಲಿಮೀಟರು ಅಂತರದ ನಾಲ್ಕು ತೂತುಗಳಿದ್ದರೆ ಮುಂದೆ ಬೇಕಾದಾಗ ತೋಳಿಗೆ ಸಿಕ್ಕಿಸಬಹುದು. ಹುಡುಗಿಯ ಪಾದಗಳು ನೆಲಕ್ಕೆ ಎಟಕದಿದ್ದರೆ ಕಾಲ್ಮಣೆಯಿರಲಿ. ಕಿಟಕಿಯು ತೆರೆಯ ಹಿಂದೆಯೂ ಬೇಡ, ಓದುವವಳ ಬೆನ್ನಿನ ಹಿಂದೆಯೂ ಬೇಡ, ಪಕ್ಕದಲ್ಲಿರಲಿ.

ನೀಲಿ ಬೆಳಕಿನ ಭಯವನ್ನು ಹುಟ್ಟಿಸಿ ಕನ್ನಡಕವನ್ನೂ ಮಾನಿಟರನ್ನೂ ಮಾರುವ ವ್ಯಾಪಾರವು ಈಗ ಬಹಳವಾಗಿದೆ. ನೀಲಿ ಬೆಳಕನ್ನು ತಡೆಯುವ ಕನ್ನಡಕಗಳನ್ನು ಕುರಿತ ೧೭ ಪರೀಕ್ಷೆಗಳನ್ನು ಕಾಕ್ರೇನ್ ಸಂಸ್ಥೆಯ ಪಂಡಿತರು ೨೦೨೩ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಸಾಮಾನ್ಯ ಕನ್ನಡಕಕ್ಕಿಂತ ಅವುಗಳಿಂದ ಕಣ್ಣಿನ ದಣಿವು ಕಡಿಮೆಯಾದಂತೆ ತೋರಲಿಲ್ಲ. ಮಾನಿಟರಿನ ಮೇಲಣ ಅದೇ ಮಾತಿಗೂ ಹೆಚ್ಚು ಹಣ ಕೊಡಬೇಕಾದ್ದಿಲ್ಲ. ತೆರೆಯನ್ನು ನೋಡುವಾಗ ನಾವು ರೆಪ್ಪೆ ಬಡಿಯುವದು ಕಡಿಮೆಯಾಗಿ ಕಣ್ಣು ಒಣಗುವದು. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ಗಿಡವನ್ನೋ ಗೋಡೆಯನ್ನೋ ಇಪ್ಪತ್ತು ಸೆಕೆಂಡು ನೋಡುವದು ಹಣವಿಲ್ಲದ ಔಷಧ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಒಳ್ಳೇ ಮಾನಿಟರು ಸಮೀಪದೃಷ್ಟಿಯ ದೋಷವನ್ನು ತಡೆಯುವದೆಂದು ನಾವು ಹೇಳುವದಿಲ್ಲ. ಅದಕ್ಕೆ ಬಯಲಿನ ಬೆಳಕೇ ಬೇಕು. ಚೀನಾದೇಶದ ಗ್ವಾಂಗ್‌ಜೌ ನಗರದ ೧೨ ಪ್ರಾಥಮಿಕ ಶಾಲೆಗಳಲ್ಲಿ ನಡೆದು ೨೦೧೫ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಶಾಲೆಯ ದಿನಗಳಲ್ಲಿ ೪೦ ನಿಮಿಷ ಹೆಚ್ಚಾಗಿ ಹೊರಗೆ ಕಳೆದ ಮಕ್ಕಳಲ್ಲಿ ಮೂರು ವರುಷಗಳೊಳಗೆ ನೂರಕ್ಕೆ ಸುಮಾರು ೩೦ ಮಂದಿಗೆ ಈ ದೋಷ ಬಂದಿತು. ಹೆಚ್ಚಾಗಿ ಹೊರಗೆ ಹೋಗದವರಲ್ಲಿ ಸುಮಾರು ೪೦ ಮಂದಿಗೆ. ಆದಕಾರಣ ಮಾನಿಟರನ್ನು ತಂದ ಮನೆಯವರು ಮಗಳ ಸಾಯಂಕಾಲದ ಆಟವನ್ನು ಕಡಿಮೆಮಾಡಬಾರದು.

ಬೆಲೆಯನ್ನು ಕುರಿತು ಸಂಕೋಚಪಡುವವರಿದ್ದಾರೆ. ೨೪ ಇಂಚಿನ ಸಾಧಾರಣ ಐಪಿಎಸ್ ಮಾನಿಟರು ಈಗ ಸುಮಾರು ೭,೦೦೦ದಿಂದ ೧೦,೦೦೦ ರೂಪಾಯಿಗಳೊಳಗೆ ದೊರೆಯುವದು. ವಿದ್ಯುತ್ತು ೨೦ರಿಂದ ೩೦ ವಾಟಿನಷ್ಟು ಮಾತ್ರ ಎಳೆಯುವದು. ಅಷ್ಟೂ ಶಕ್ತಿಯಿಲ್ಲದವರು ಕಛೇರಿಗಳಲ್ಲಿ ಬಳಸಿ ಬಿಟ್ಟದ್ದನ್ನು ಕೊಳ್ಳುವದರಲ್ಲಿ ಅವಮಾನವಿಲ್ಲ. ಕೊಳ್ಳುವ ಮುಂಚೆ ತೆರೆಯನ್ನು ಪೂರಾ ಬಿಳಿ, ಪೂರಾ ಕಪ್ಪು, ಕೆಂಪು, ಹಸುರು, ನೀಲಿ ಬಣ್ಣಗಳಿಂದ ಒಂದೊಂದಾಗಿ ತುಂಬಿಸಿ ನೋಡಿರಿ. ಸತ್ತ ಚುಕ್ಕೆ, ಹಳದಿಯಾದ ಅಂಚು, ಕಪ್ಪು ಮೂಲೆ ಇವೆಲ್ಲ ಆಗಲೇ ಬೈಲಿಗೆ ಬರುವವು. ಹೊಸದನ್ನು ತಂದವರೂ ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವ ಗಡುವು ಮುಗಿಯುವದರೊಳಗೆ ಹೀಗೆ ನೋಡತಕ್ಕದ್ದು.

ಕಟ್ಟಕಡೆಗೆ, ನಮ್ಮ ಮನಸ್ಸಿನಲ್ಲಿ ಬಹುದಿವಸದಿಂದ ಇರುವ ಮಾತು. ಕೆಲವು ಮನೆಗಳಲ್ಲಿ ಒಳ್ಳೇ ಮಾನಿಟರು ಇಲ್ಲದೆ ಇಲ್ಲ. ಆದರೆ ಅದು ಅಣ್ಣನ ಕೋಣೆಯಲ್ಲಿ, ಆಟದ ಸಲುವಾಗಿ ಇದೆ. ತಂಗಿಯು ಅಡಿಗೆಮನೆಯ ಬಾಗಲಲ್ಲಿ ಕುಳಿತು, ತಾಯಿಯ ಹಳೇ ಮೊಬೈಲಿನಲ್ಲಿ ವಿಜ್ಞಾನದ ಪಾಠವನ್ನು ಓದುತ್ತಾಳೆ. ತಾಯಿತಂದೆಗಳು ಬೇಕೆಂದೇ ಹೀಗೆ ಮಾಡುವದಿಲ್ಲ. ಹುಡುಗನು ಕೇಳುತ್ತಾನೆ, ಹುಡುಗಿಯು ಕೇಳುವದಿಲ್ಲ. ಕೇಳದೆ ಇರುವದನ್ನು ನಾವು ಹೆಣ್ಣುಮಕ್ಕಳಿಗೆ ಸದ್ಗುಣವೆಂದು ಕಲಿಸಿಬಿಟ್ಟಿದ್ದೇವೆ. ಕೇಳದವಳ ಕಣ್ಣೇನು ಕಬ್ಬಿಣದ್ದೇ? ಯಾರು ಹೆಚ್ಚು ಹೊತ್ತು ಓದುವರೋ ಅವರ ಮುಂದೆ ಮಾನಿಟರು ಇರತಕ್ಕದ್ದು. ಇದರಲ್ಲಿ ಹೆಣ್ಣು ಗಂಡೆಂಬ ಭೇದಕ್ಕೆ ಸ್ಥಳವಿಲ್ಲ. ಮಗಳ ಕೈಗೆ ಇಂಟರ್‌ನೆಟ್ ಕೊಡಲು ಅಂಜುವ ಪಾಲಕರಿಗೂ ನಾವು ಹೇಳುವದಿಷ್ಟು: ಅಂಗೈಯಲ್ಲಿ ಅಡಗುವ ಮೊಬೈಲಿಗಿಂತ ನಡುಮನೆಯ ಮೇಜಿನ ಮೇಲೆ ಎಲ್ಲರಿಗೂ ಕಾಣುವ ೨೪ ಇಂಚಿನ ತೆರೆಯೇ ಬಯಲಾದದ್ದು. ಹಾಗೆಂದು ಹೆಗಲಮೇಲಿಂದ ಇಣಿಕುತ್ತಾ ನಿಲ್ಲಬೇಕಾದ್ದಿಲ್ಲ. ನಂಬಿಕೆಯಿಂದ ನಡಿಸಿದವರೇ ನಂಬಿಕೆಗೆ ಪಾತ್ರರಾಗುವರು.

ದೂರದೂರುಗಳಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೇ ವಿದ್ಯಾರ್ಥಿನಿಯರು ತಮ್ಮ ತಂಗಿಯರಿಗೂ ಅಣ್ಣಂದಿರ ಹೆಣ್ಣುಮಕ್ಕಳಿಗೂ ಮೊಬೈಲುಗಳನ್ನು ಉಡುಗೊರೆಯಾಗಿ ಕಳುಹಿಸುವದನ್ನು ಕೇಳಿ ಸಂತೋಷಪಡುತ್ತೇವೆ. ಕಂಪ್ಯೂಟರು ಇರುವ ಮನೆಯಾದರೆ ಈ ಸಾರಿ ಮಾನಿಟರನ್ನು ಕಳುಹಿಸಿರಿ. ಬರುವ ಜೂನ್ ತಿಂಗಳಲ್ಲಿ ಶಾಲೆಯು ಆರಂಭವಾಗುವ ಮುಂಚೆ ಪ್ರತಿಯೊಬ್ಬ ತಂದೆಯೂ ತಾಯಿಯೂ ಒಂದು ಸಾಯಂಕಾಲ ಮಗಳು ಓದುವ ಸ್ಥಳದಲ್ಲಿ ತಾವೇ ಅರ್ಧ ಗಂಟೆ ಕುಳಿತು, ಅವಳು ಓದುವದನ್ನೇ ಓದಿ ನೋಡಲೆಂದು ನಮ್ಮ ಬಿನ್ನಹ. ಏನು ಕೊಳ್ಳಬೇಕೆಂಬದನ್ನು ಆ ಅರ್ಧ ಗಂಟೆಯು ಈ ಲೇಖನಕ್ಕಿಂತ ಚೆನ್ನಾಗಿ ಹೇಳುವದು.